ಮಿಸ್ಸಿಗೆ ಮೆಸೇಜು, ಮೇಷ್ಟ್ರಿಗೆ ಕೈಮುಗಿತ

ಹೈಸ್ಕೂಲು ಮಕ್ಕಳ ತಂದೆತಾಯಿಗಳಲ್ಲಿ ಸರ್ಕಾರ ಇನ್ನೂ ಗುರುತಿಸದ ಎರಡು ಜಾತಿಗಳಿವೆ. ಟೀಚರಿಗೆ ಫೋನ್ ಮಾಡುವವರದು ಒಂದು ಜಾತಿ. ಟೀಚರಿಂದ ಫೋನ್ ಬಂದರೆ ಎದೆ ಝಲ್ಲೆನ್ನುವವರದು ಇನ್ನೊಂದು. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಜಾತಿ ಸಮೀಕ್ಷೆ ಶುರುವಾಯಿತಲ್ಲ, ಆಗ ಮೇಷ್ಟ್ರುಗಳನ್ನೇ ಮನೆಮನೆಗೆ ಅಟ್ಟಿದರು. ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮನೆಗೆ 60 ಪ್ರಶ್ನೆ ಕೇಳಿಸಿದರು. ‘ನಿಮ್ಮ ಮಕ್ಕಳ ಮೇಷ್ಟ್ರಿಗೆ ನೀವು ಫೋನ್ ಮಾಡುತ್ತೀರೋ, ಅವರು ಮಾಡಿದರೆ ಹೆದರುತ್ತೀರೋ?’ ಎಂಬ ಅರವತ್ತೊಂದನೆಯ ಪ್ರಶ್ನೆಯೊಂದನ್ನು ಸೇರಿಸಿದ್ದರೆ ಹಿಂದಿನ ಅರವತ್ತರಲ್ಲಿ ಮುಕ್ಕಾಲು ಪಾಲಿಗೆ ಉತ್ತರ ತಾನಾಗಿಯೇ ಬೀಳುತ್ತಿತ್ತು. ಕೇಳಲು ಬಂದವರೂ ಮೇಷ್ಟ್ರೇ ಆದ್ದರಿಂದ ಬಾಗಿಲು ತೆರೆದವರ ಮುಖ ನೋಡಿಯೇ ಬರೆದುಕೊಳ್ಳಬಹುದಿತ್ತು.

ಮೊದಲನೆಯ ಜಾತಿಯವರ ದರ್ಶನ ಬೇಕಾದರೆ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲೋ ವೈಟ್‌ಫೀಲ್ಡಿನಲ್ಲೋ ಒಂದು ಅಪಾರ್ಟ್‌ಮೆಂಟಿನ ಹತ್ತನೆಯ ಮಹಡಿಗೆ ಹೋಗಬೇಕು. ಹೊತ್ತು ರಾತ್ರಿ ಹತ್ತೂವರೆ. ಒಂಬತ್ತನೇ ಕ್ಲಾಸು ಸಿ ಸೆಕ್ಷನ್ನಿನ ವಾಟ್ಸಾಪ್ ಗ್ರೂಪಿಗೆ ಆಗಷ್ಟೇ ಬೆಳಗಾಗಿರುತ್ತದೆ. ‘ಹಾಯ್ ಮ್ಯಾಮ್, ಸಾರಿ ಫಾರ್ ದ ಲೇಟ್ ಮೆಸೇಜ್’ ಎಂಬ ಮಂಗಳಶ್ಲೋಕದೊಂದಿಗೆ ಕಲಾಪ ಆರಂಭ. ವಿಷಯ ಏನೆಂದರೆ, ಫಿಸಿಕ್ಸ್ ಯುನಿಟ್ ಟೆಸ್ಟಿನಲ್ಲಿ ಹುಡುಗ ಉತ್ತರದ ಸಂಖ್ಯೆ ಬರೆದಿದ್ದಾನೆ, ಪಕ್ಕದಲ್ಲಿ ನ್ಯೂಟನ್ ಎಂದು ಬರೆದಿಲ್ಲ. ಮಿಸ್ಸು ಅರ್ಧ ಅಂಕ ಕಳೆದಿದ್ದಾರೆ. ‘ಕಾನ್ಸೆಪ್ಟ್ ಗೊತ್ತಿದೆ ಮ್ಯಾಮ್, ಜಸ್ಟ್ ಅವಸರದಲ್ಲಿ ಬಿಟ್ಟಿದ್ದಾನೆ’ ಎಂದು ಅಮ್ಮ. ಇನ್ನು ಮುಂದೆ ಇಂಥ ವ್ಯತ್ಯಾಸಗಳಾಗದಂತೆ ಶಾಲೆ ಏನು ಆಕ್ಷನ್ ಪ್ಲಾನ್ ಹಾಕಿಕೊಂಡಿದೆ, ಅದರ ಟೈಮ್‌ಲೈನ್ ಏನು ಎಂದು ಅಪ್ಪ. ಅಪ್ಪನಿಗೆ ಆಫೀಸಿನಲ್ಲಿ ದಿನವಿಡೀ ಯಾರೋ ಇದೇ ಪ್ರಶ್ನೆ ಕೇಳಿರುತ್ತಾರೆ. ರಾತ್ರಿಯಾದರೂ ತಾನು ಯಾರನ್ನಾದರೂ ಕೇಳಬೇಡವೇ?

ಪರೀಕ್ಷೆ ಬರೆದವನು ಐದಡಿ ಎಂಟಂಗುಲದ ಗಂಡಾಳು. ಮೀಸೆ ಚಿಗುರಿದೆ, ಧ್ವನಿ ಒಡೆದಿದೆ. ಆದರೂ ಅಮ್ಮನ ಬಾಯಲ್ಲಿ ‘ನಮಗೆ ಟ್ರಿಗೊನೊಮೆಟ್ರಿ ಸ್ವಲ್ಪ ವೀಕು ಮ್ಯಾಮ್, ನಾವು ಸೋಮವಾರ ರೀಟೆಸ್ಟ್ ಬರೀಬಹುದಾ?’ ಎಂದೇ ಬರುತ್ತದೆ. ಗುರುವಾರ ‘ನಮಗೆ’ ಜ್ವರ ಬಂದಿತ್ತು, ಶುಕ್ರವಾರ ‘ನಾವು’ ಫುಟ್‌ಬಾಲಿಗೆ ಹೋಗಿದ್ದೆವು. ಒಂದೇ ಹಾಲ್‌ಟಿಕೆಟ್ಟಿನ ಮೇಲೆ ಇಡೀ ಕುಟುಂಬ ಎಸೆಸೆಲ್ಸಿ ದಾಟುವ ಸಿದ್ಧತೆ ಇದು.

ಮಿಸ್ಸು ಮರುದಿನ ಬೆಳಿಗ್ಗೆಯವರೆಗೆ ಉತ್ತರಿಸದಿದ್ದರೆ ಕೋಆರ್ಡಿನೇಟರಿಗೆ ಮೇಲ್ ಹೋಗುತ್ತದೆ, ಪ್ರಿನ್ಸಿಪಾಲರಿಗೆ ಅದರ ಪ್ರತಿ. ಅಲ್ಲೂ ಆಗದಿದ್ದರೆ ಮ್ಯಾನೇಜ್‌ಮೆಂಟು. ಅಲ್ಲೂ ಆಗದಿದ್ದರೆ ಗೂಗಲ್‌ನಲ್ಲಿ ಒಂದೇ ಒಂದು ನಕ್ಷತ್ರ. ಇಷ್ಟೆಲ್ಲದರ ನಡುವೆ ಇನ್ನೊಂದು ಗ್ರೂಪು ಗುಟ್ಟಾಗಿ ನಡೆಯುತ್ತಿರುತ್ತದೆ. ‘9ಸಿ ಪೇರೆಂಟ್ಸ್ ಓನ್ಲಿ’ ಎಂದು ಅದರ ಹೆಸರು. ಕನ್ನಡದ ಮಿಸ್ಸಿನ ಇಂಗ್ಲಿಷ್ ಉಚ್ಚಾರಣೆ, ಪಿ.ಟಿ. ಸರ್ ಹುಡುಗನನ್ನು ಬಿಸಿಲಿನಲ್ಲಿ ಒಂದು ಸುತ್ತು ಓಡಿಸಿದ ಅಮಾನವೀಯತೆ, ಮ್ಯಾಥ್ಸ್ ಮಿಸ್ಸಿಗೆ ಮದುವೆ ಗೊತ್ತಾಗಿದೆಯಂತೆ, ಹಾಗಾದರೆ ನಮ್ಮ ಪೋರ್ಷನ್ ಗತಿಯೇನು ಎಂಬ ರಾಷ್ಟ್ರೀಯ ಆತಂಕ, ಎಲ್ಲಕ್ಕೂ ಅಲ್ಲಿ ವಿಚಾರಣೆ. ಹರ ಮುನಿದರೆ ಗುರು ಕಾಯ್ವ ಎಂದರು ಹಿರಿಯರು. ಗುರುವಿನ ಮೇಲೆ ಗ್ರೂಪು ಮುನಿದರೆ ಹರನೂ ಅಡ್ಮಿನ್ನಿಗೆ ರಿಕ್ವೆಸ್ಟ್ ಕಳಿಸಿ ಕಾಯಬೇಕು.

ಮಿಸ್ಸಿನ ಉತ್ತರ ಬೆಳಿಗ್ಗೆ ಆರೂಕಾಲಿಗೆ, ಸ್ಕೂಲ್ ಬಸ್ಸಿನಿಂದ ಬರುತ್ತದೆ: ‘ನೋಟೆಡ್ ಮ್ಯಾಮ್.’ ಎಂಎಸ್ಸಿ, ಬಿಎಡ್ ಮಾಡಿದ ಹೆಂಗಸು. ಅವರ ಸಂಬಳ ಎಷ್ಟೆಂದು ಗ್ರೂಪಿನಲ್ಲಿ ಯಾರೂ ಕೇಳಿಲ್ಲ. ಕೇಳಿದರೆ ಫೀಸಿನ ಲೆಕ್ಕ ತಾಳೆ ಹಾಕಬೇಕಾಗುತ್ತದೆ, ಅದು ಯಾರಿಗೂ ಬೇಡ. ಇದೇ ಅಮ್ಮ ತನ್ನ ಮನೆಯ ಅಡುಗೆಯಾಕೆಯೊಂದಿಗೆ ಮಾತಾಡುವಾಗ ಧ್ವನಿ ಮೆತ್ತಗಿರುತ್ತದೆ. ಸಾರಿಗೆ ಉಪ್ಪು ಜಾಸ್ತಿಯಾದರೂ ‘ಪರವಾಗಿಲ್ಲ ಬಿಡು’ ಎನ್ನುತ್ತಾರೆ. ಕಾರಣ ಸ್ಪಷ್ಟ. ಅಡುಗೆಯಾಕೆ ಮುನಿಸಿಕೊಂಡು ಬಿಟ್ಟುಹೋದರೆ ಎರಡು ವಾರ ಸ್ವಿಗ್ಗಿಯೇ ಗತಿ. ಟೀಚರ್ ಬಿಟ್ಟುಹೋದರೆ ಸೋಮವಾರದೊಳಗೆ ಮ್ಯಾನೇಜ್‌ಮೆಂಟು ಇನ್ನೊಬ್ಬರನ್ನು ತಂದು ನಿಲ್ಲಿಸುತ್ತದೆ.

ಆ ಅಡುಗೆಯಾಕೆಯೇ ಎರಡನೆಯ ಜಾತಿ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತಿದ್ದಾರೆ, ನಡುವೆ ಗ್ರಾನೈಟ್ ಕಟ್ಟೆ ಮಾತ್ರ ಅಡ್ಡ.

ಆಕೆಯ ಊರು ಯಾದಗಿರಿ ಕಡೆಯದು ಎಂದಿಟ್ಟುಕೊಳ್ಳಿ. ಗಂಡ ಗಾರೆ ಕೆಲಸ. ಮಗ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಚಪಾತಿ ಲಟ್ಟಿಸುತ್ತಿರುವಾಗ ಫೋನ್ ಬಡಿದುಕೊಂಡು ‘ಹೆಡ್ಮಾಸ್ಟರ್’ ಎಂದು ತೋರಿಸಿತೋ, ಕೈ ಅಲ್ಲೇ ನಿಂತುಬಿಡುತ್ತದೆ. ಶಾಲೆಯಿಂದ ಒಳ್ಳೆಯ ಸುದ್ದಿ ಹೇಳಲು ಫೋನ್ ಬಂದ ಇತಿಹಾಸ ಆಕೆಯ ವಂಶದಲ್ಲೇ ಇಲ್ಲ. ಹುಡುಗ ಯಾರಿಗೋ ಹೊಡೆದಿರಬೇಕು, ಯಾರೋ ಹುಡುಗನಿಗೆ ಹೊಡೆದಿರಬೇಕು, ಆಧಾರ್ ಲಿಂಕ್ ಆಗಿಲ್ಲದಿರಬೇಕು. ಈ ಸಲ ಮಾತ್ರ ವಿಷಯ ಸೌಮ್ಯ. ಶನಿವಾರ ಪೋಷಕರ ಸಭೆ, ತಪ್ಪದೆ ಬರಬೇಕು.

‘ಅಕ್ಕಾ, ಶನಿವಾರ ಮುಂಜಾನಿ ಒಂದೊತ್ತು ಬಿಡ್ತೀರೇನ್ರೀ? ಮಗನ ಸಾಲ್ಯಾಗ ಮೀಟಿಂಗ್ ಐತಿ.’

‘ಅಯ್ಯೋ, ಶನಿವಾರನೇ? ಅವತ್ತು ನನಗೂ ಪಿಟಿಎಂ ಇದೆಯಲ್ಲಮ್ಮಾ! ನೀನೂ ಬರದಿದ್ರೆ ತಿಂಡಿ ಹೇಗೆ?’

ಹೀಗೆ ಒಬ್ಬ ತಾಯಿ ಶೈಕ್ಷಣಿಕವಾಗಿ ತೊಡಗಿಸಿಕೊಳ್ಳುವುದಕ್ಕೆ ಇನ್ನೊಬ್ಬ ತಾಯಿ ಉಪ್ಪಿಟ್ಟು ಕೆದಕುತ್ತಾ ನಿಲ್ಲುವುದು ಅನಿವಾರ್ಯವಾಯಿತು. ಮಧ್ಯಾಹ್ನ ಎರಡೂ ಶಾಲೆಗಳ ರಿಜಿಸ್ಟರುಗಳಲ್ಲಿ ಫಲಿತಾಂಶ ದಾಖಲಾಯಿತು. ಒಂದು ಕಡೆ ‘ಸಕ್ರಿಯ ಪೋಷಕರು’. ಇನ್ನೊಂದು ಕಡೆ ‘ಪೋಷಕರು ಗೈರು’.

ಆನೆಟ್ ಲಾರೋ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 1989ರಲ್ಲಿ ‘ಹೋಮ್ ಅಡ್ವಾಂಟೇಜ್’ ಎಂಬ ಪುಸ್ತಕ ಬರೆದರು. ಅಲ್ಲಿಯ ಎರಡು ಪ್ರಾಥಮಿಕ ಶಾಲೆಗಳಲ್ಲಿ, ಒಂದು ಕಾರ್ಮಿಕರ ಮಕ್ಕಳದು, ಇನ್ನೊಂದು ಉದ್ಯೋಗಸ್ಥ ಮೇಲ್ಮಧ್ಯಮ ವರ್ಗದ್ದು, ಪೋಷಕರು ಟೀಚರುಗಳ ಜೊತೆ ಹೇಗೆ ನಡೆದುಕೊಳ್ಳುತ್ತಾರೆಂದು ನೋಡಿದರು. ಮಕ್ಕಳು ಚೆನ್ನಾಗಿ ಓದಲಿ ಎಂಬ ಆಸೆ ಎರಡೂ ಕಡೆ ಇತ್ತು. ಆದರೆ ಕಾರ್ಮಿಕರು ಓದಿನ ವಿಷಯ ಟೀಚರಿಗೇ ಗೊತ್ತು ಎಂದು ಅವರಿಗೇ ಬಿಟ್ಟರು. ಮೇಲ್ಮಧ್ಯಮದವರು ಟೀಚರನ್ನು ತಮ್ಮ ಸಮಾನರೆಂದೋ ಒಂದು ಮೆಟ್ಟಿಲು ಕೆಳಗಿನವರೆಂದೋ ನೋಡಿ ತಿದ್ದಲು ಹೋದರು. ಶಾಲೆಗಳಿಗೆ ಒಗ್ಗುವುದು ಎರಡನೆಯ ರೀತಿ, ಅದರ ಲಾಭವೂ ಆ ಮಕ್ಕಳಿಗೇ. ಪಾಪ, ಇಷ್ಟು ತಿಳಿಯಲು ಆಕೆ ಎಷ್ಟು ಕಾಲ ತರಗತಿಯ ಮೂಲೆಯಲ್ಲಿ ಕೂತರೋ. ಈಗಾಗಿದ್ದರೆ ನಮ್ಮ ಆ ಗ್ರಾನೈಟ್ ಕಟ್ಟೆಯ ಪಕ್ಕ ಒಂದು ಶನಿವಾರ ನಿಂತರೆ ಸಾಕಿತ್ತು, ಉಪ್ಪಿಟ್ಟೂ ಸಿಗುತ್ತಿತ್ತು.

ಇನ್ನು ಸರ್ಕಾರಿ ಶಾಲೆಯ ಪೋಷಕರ ಸಭೆ. ಇದನ್ನು ನಿಧಾನವಾಗಿ ನೋಡಬೇಕು. ಸಾಮಾನ್ಯವಾಗಿ ಕೆಲಸದ ದಿನ, ಬೆಳಿಗ್ಗೆ ಹನ್ನೊಂದರ ಆಸುಪಾಸು. ಊರಿನಲ್ಲಿ ಕೂಲಿಗೆ ಹೋಗುವವರು ಅಷ್ಟೊತ್ತಿಗೆ ಹೊಲದಲ್ಲಿರುತ್ತಾರೆ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಮಷಿನ್ನಿನ ಮುಂದಿರುತ್ತಾರೆ. ಅರ್ಧ ದಿನ ಬಿಟ್ಟು ಬಂದರೆ ಕೂಲಿ ಹೋಯಿತು, ಜೊತೆಗೆ ತಿಂಗಳ ಹಾಜರಾತಿ ಬೋನಸ್ಸೂ ಹೋಯಿತು. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದವರಂತೂ ಸುಗ್ಗಿ ಮುಗಿಯುವವರೆಗೆ ಊರಿನಲ್ಲೇ ಇಲ್ಲ, ಮಕ್ಕಳು ಅಜ್ಜಿಯ ಹತ್ತಿರ. ಆದ್ದರಿಂದ ಸಭೆಗೆ ಬರುವುದು ಅಜ್ಜಿ. ಅಜ್ಜಿಗೆ ಶಾಲೆಯೆಂದರೆ ಓಟು ಹಾಕುವ ಜಾಗ. ಬಂದವಳೇ ಎಡಗೈ ತೋರುಬೆರಳು ಮುಂದೆ ಚಾಚುತ್ತಾಳೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ ಈ ಹತ್ತಿಪ್ಪತ್ತು ಮಂದಿಗೆ ಹೆಡ್ಮಾಸ್ಟರು ಹಿತವಚನ ಹೇಳುತ್ತಾರೆ. ಮಗುವಿಗೆ ಓದಲು ಪ್ರತ್ಯೇಕ ಕೋಣೆ ಕೊಡಿ. ಟಿವಿ ಶಬ್ದ ಇರಬಾರದು. ಸಂಜೆ ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಗಮನಿಸಿ. ಬೆಳಗಿನ ಜಾವ ಐದಕ್ಕೆ ಎಬ್ಬಿಸಿ. ಕೇಳುತ್ತಾ ಕೂತವರದು ಹತ್ತಕ್ಕೆ ಹತ್ತರ ತಗಡಿನ ಮನೆ, ಅದರಲ್ಲಿ ಐದು ಜನ. ಬೆಳಗಿನ ಜಾವ ಐದಕ್ಕೆ ತಾಯಿ ನೀರಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿರುತ್ತಾಳೆ. ಪ್ರತ್ಯೇಕ ಕೋಣೆಯ ಮಾತು ಬಂದಾಗ ಎಲ್ಲರೂ ತಲೆಯಾಡಿಸುತ್ತಾರೆ. ‘ಆಗಲಿ ಸಾರ್, ಕೊಡ್ತೀವಿ’ ಅಂತಲೂ ಅನ್ನುತ್ತಾರೆ. ದೊಡ್ಡವರ ಮಾತಿಗೆ ಇಲ್ಲ ಅನ್ನಬಾರದಲ್ಲ.

ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದ್ದರೆ ಕೇಳಿ’ ಎನ್ನುತ್ತಾರೆ. ಮೌನ. ಹಿಂದಿನ ಬೆಂಚಿನಿಂದ ಒಬ್ಬಾಕೆ ಎದ್ದು, ಸೆರಗು ಸರಿಮಾಡಿಕೊಂಡು ಇಡೀ ಸಭೆಯ ಪರವಾಗಿ ಠರಾವು ಮಂಡಿಸುತ್ತಾಳೆ: ‘ಸರ್ರ, ಕಣ್ಣೊಂದು ಬಿಟ್ಟು ಎಲ್ಲ್ಯಾರ ಬಡೀರಿ. ಒಟ್ಟು ಬುದ್ಧಿ ಬರ್ಲಿ.’ ಸಭೆ ಸರ್ವಾನುಮತದಿಂದ ಒಪ್ಪುತ್ತದೆ. ಮಕ್ಕಳಿಗೆ ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಹೇಳುತ್ತದೆ. ಅತ್ತ ಹತ್ತನೆಯ ಮಹಡಿಯ ಅಪ್ಪನಿಗೆ ಆ ಸೆಕ್ಷನ್ನು ಕಂಠಪಾಠ, ವಕೀಲರ ನಂಬರೂ ಫೋನಿನಲ್ಲಿದೆ. ಅಲ್ಲಿ ಮಿಸ್ಸು ‘ನೀನು ಸ್ವಲ್ಪ ಸೋಮಾರಿ’ ಎಂದರೂ ಮಾನಸಿಕ ಹಿಂಸೆಯ ಮೇಲ್ ಬರುತ್ತದೆ. ಇತ್ತ ಈ ತಾಯಿ ಮಗನ ಬೆನ್ನನ್ನೇ ಶಾಲೆಗೆ ದಾನಪತ್ರ ಬರೆದುಕೊಡುತ್ತಿದ್ದಾಳೆ. ಅವಳ ಕೈಯಲ್ಲಿ ಶಾಲೆಗೆ ಕೊಡಲು ಇರುವ ಸಹಕಾರ ಅದೊಂದೇ. ಫೀಸಿಲ್ಲ, ಇಂಗ್ಲಿಷಿಲ್ಲ, ಹೋಮ್‌ವರ್ಕ್ ನೋಡಲು ಅಕ್ಷರವಿಲ್ಲ.

ಅಕ್ಷರದ ಮಾತು ಬಂತು. ಎಫ್‌ಎ ಒಂದು, ಎಫ್‌ಎ ಎರಡು, ಎಸ್‌ಎ ಒಂದು ಎಂದು ವರ್ಷಕ್ಕೆ ಆರು ಸಲ ಪರೀಕ್ಷೆ ನಡೆದು ಅಂಕ ಬರುತ್ತದೆ. ಪ್ರಗತಿ ಪತ್ರ ಮನೆಗೆ ಹೋಗುತ್ತದೆ. ಓದಿ ಹೇಳುವವನು ಮಗನೇ. ಗಣಿತದಲ್ಲಿ 14 ಬಂದಿದ್ದರೆ ತಾಯಿಗೆ ಕೇಳಿಸುವುದು 41. ‘ಉತ್ತಮ’ ಎಂದು ಬರೆದಿದ್ದಾರೆ ಅವ್ವಾ, ಇಲ್ಲಿ ಹೆಬ್ಬೆಟ್ಟು ಒತ್ತು ಎನ್ನುತ್ತಾನೆ. ಈ ಹುಡುಗ ಮುಂದೆ ಎಲ್ಲೂ ಉದ್ಧಾರವಾಗದಿದ್ದರೂ ಇಲಾಖೆಯೊಂದರಲ್ಲಿ ಅಂಕಿಅಂಶ ಅಧಿಕಾರಿಯಾಗಿ ಬೆಳಗುವುದರಲ್ಲಿ ಸಂಶಯವಿಲ್ಲ.

ಮೇಷ್ಟ್ರುಗಳೂ ಗಂಗೆಯಲ್ಲಿ ಮಿಂದವರಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ಅದು ಯಾರಿಗೆ ಸಿಗುತ್ತದೆ ನೋಡಿ, ಇಡೀ ಸಮಾಜಶಾಸ್ತ್ರ ಅಲ್ಲೇ ಇದೆ. ಪಂಚಾಯ್ತಿ ಮೆಂಬರು ಬಂದರೆ ‘ಬನ್ನಿ ಸಾರ್, ಕೂತ್ಕೊಳ್ಳಿ’, ಜೊತೆಗೆ ಟೀ. ಇನ್‌ಶರ್ಟ್ ಮಾಡಿದ ಸೊಸೈಟಿ ಗುಮಾಸ್ತ ಬಂದರೆ ಕುರ್ಚಿ, ಟೀ ಇಲ್ಲ. ಕೂಲಿಯಾಕೆ ಬಂದರೆ ‘ಏನಮ್ಮಾ, ನಿನ್ ಮಗ ಏನೂ ಓದಲ್ವಲ್ಲ, ಮನೇಲಿ ಏನ್ ಮಾಡ್ತೀಯ ನೀನು?’ ಎಂಬ ಸ್ವಾಗತ, ಬಾಗಿಲ ಹತ್ತಿರವೇ. ಹೀಗೆ ಕೇಳಿದ ಮೇಷ್ಟ್ರು ಮರುವಾರ ಅರ್ಧ ದಿನ ರಜೆ ಹಾಕಿ ಪೇಟೆಗೆ ಹೋಗುತ್ತಾರೆ. ಅವರ ಮಗಳು ಅಲ್ಲಿಯ ಇಂಗ್ಲಿಷ್ ಮೀಡಿಯಮ್ ಕಾನ್ವೆಂಟಿನಲ್ಲಿ ಓದುತ್ತಿದ್ದಾಳೆ, ಅವತ್ತು ಪಿಟಿಎಂ. ಕಾರಿಡಾರಿನಲ್ಲಿ ಒಂದು ಗಂಟೆ ಕಾದು, ಒಳಗೆ ಹೋಗಿ ಮಕ್ಕಳ ಬೆಂಚಿನಲ್ಲಿ ಮಡಚಿ ಕೂತು, ತನಗಿಂತ ಇಪ್ಪತ್ತು ವರ್ಷ ಚಿಕ್ಕ ಮಿಸ್ಸು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆಲ್ಲ ‘ಎಸ್ ಮ್ಯಾಮ್, ಎಸ್ ಮ್ಯಾಮ್’ ಎಂದು ಎದ್ದು ಬರುತ್ತಾರೆ. ಪರಲೋಕದವರೆಗೆ ಕಾಯಬೇಕಿಲ್ಲ, ನ್ಯಾಯ ಕೆಲವೊಮ್ಮೆ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆ.

ಹಳೆಯ ಕಾಲವೇ ಚೆನ್ನಾಗಿತ್ತು, ಮೇಷ್ಟ್ರು ಊರಿನಲ್ಲೇ ಇರುತ್ತಿದ್ದರು, ಮನೆಮನೆಯ ವಿಷಯ ಗೊತ್ತಿರುತ್ತಿತ್ತು, ಹಲಸಿನಹಣ್ಣು ತೊಂಡೆಕಾಯಿ ಹೋಗುತ್ತಿತ್ತು ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರಿದ್ದಾರೆ. ಅವರು ಯಾರ ಮನೆ ಜಗಲಿಯ ಮೇಲೆ ಕೂತು ಹೇಳುತ್ತಿದ್ದಾರೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಜಗಲಿ ಇದ್ದವರಿಗೆ ಮೇಷ್ಟ್ರು ಯಾವಾಗಲೂ ಹತ್ತಿರವೇ ಇದ್ದರು.

ಕಾನೂನಿನ ಪ್ರಕಾರ ಮಾತ್ರ ಬಡ ಪೋಷಕರಷ್ಟು ಬಲಶಾಲಿಗಳು ದೇಶದಲ್ಲೇ ಇಲ್ಲ. ಕರ್ನಾಟಕ 2001ರಲ್ಲೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ತಂದಿತು. ಆಮೇಲೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ನು ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ದುರ್ಬಲ ವರ್ಗದವರಿಗೆ ಅವರ ಪ್ರಮಾಣಕ್ಕೆ ತಕ್ಕಷ್ಟು ಜಾಗ ಕೊಡಬೇಕು ಎಂದಿತು. ಶಾಲೆಯ ಕೆಲಸ ಗಮನಿಸುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಸರ್ಕಾರದ ಹಣ ಹೇಗೆ ಖರ್ಚಾಯಿತೆಂದು ನೋಡುವುದು, ಎಲ್ಲ ಇವರದೇ ಅಧಿಕಾರ. ಕಾಗದದ ಮೇಲೆ ನೋಡಿದರೆ ಗಾರೆಯವನು ಹೆಡ್ಮಾಸ್ಟರನ್ನು ಕೂರಿಸಿ ಲೆಕ್ಕ ಕೇಳುತ್ತಿದ್ದಾನೆ. ಎಷ್ಟೋ ಕಡೆ ನಿಜದಲ್ಲಿ ನಡೆಯುವುದು ಇಷ್ಟು: ಶೂ, ಸಾಕ್ಸ್ ಖರೀದಿಯ ಬಿಲ್ಲಿನೊಂದಿಗೆ ಅಧ್ಯಕ್ಷರನ್ನು ಹುಡುಕಿಕೊಂಡು ಯಾರೋ ಕಟ್ಟಡದ ಹತ್ತಿರ ಹೋಗುತ್ತಾರೆ, ಅಧ್ಯಕ್ಷರು ಸಿಮೆಂಟಿನ ಕೈ ಒರೆಸಿಕೊಂಡು ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಮೇಲುಸ್ತುವಾರಿ ಮುಗಿಯಿತು.

ಅದೂ ಎಂಟನೇ ಕ್ಲಾಸಿನವರೆಗಿನ ವೈಭವ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದು. ಒಂಬತ್ತಕ್ಕೆ ಕಾಲಿಟ್ಟ ಕ್ಷಣ ಹುಡುಗನೂ ಕಾಯ್ದೆಯಿಂದ ಹೊರಗೆ, ಅವನ ಅಪ್ಪನ ಮುಕ್ಕಾಲು ಪಾಲೂ ಹೊರಗೆ. ಪಿಯುಸಿ ಮುಟ್ಟುವ ಹೊತ್ತಿಗೆ ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಮಕ್ಕಳು ಬೆಳೆದಂತೆ ಪೋಷಕರು ಕುಗ್ಗುತ್ತಾ ಹೋಗಿ ಕೊನೆಗೆ ಶಾಸಕರಾಗಿಬಿಡುವ ಈ ವಿಕಾಸವಾದ ಡಾರ್ವಿನ್ನನಿಗೂ ಹೊಳೆದಿರಲಿಲ್ಲ.

ಎರಡು ಜಾತಿಯವರೂ ಒಂದೇ ಗ್ರೂಪಿನಲ್ಲಿ ಸೇರುವ ಒಂದು ಅವಕಾಶ ಬಂದಿತ್ತು. ಖಾಸಗಿ ಶಾಲೆಗಳಲ್ಲಿ ಶೇ 25 ಸೀಟು ಬಡ ಮಕ್ಕಳಿಗೆ ಎಂಬ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ನಿಯಮವನ್ನು 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆ ವರ್ಷವೇ ಕರ್ನಾಟಕದಲ್ಲೂ ಆರ್‌ಟಿಇ ಮಕ್ಕಳು ಒಳಬಂದರು. ಜುಲೈ ಹೊತ್ತಿಗೆ ಬೆಂಗಳೂರಿನ ಶಾಲೆಯೊಂದರಲ್ಲಿ, ಆ ಮಕ್ಕಳು ಯಾರೆಂದು ಗುರುತು ಸಿಗಲಿ ಅಂತ ಅವರ ಕೂದಲು ಕತ್ತರಿಸಿದರೆಂಬ ಆರೋಪ ಪತ್ರಿಕೆಗಳ ಮುಖಪುಟಕ್ಕೂ ಬಂತು. ಅನಗತ್ಯ ಶ್ರಮ. ಪಿಟಿಎಂ ದಿನ ಅವರ ಅಮ್ಮಂದಿರು ಗೇಟಿನ ಹತ್ತಿರ ಸೆಕ್ಯುರಿಟಿಗೆ ನಮಸ್ಕಾರ ಹೊಡೆಯುವುದನ್ನು ನೋಡಿದ್ದರೆ ಗುರುತು ಸಿಗುತ್ತಿತ್ತು. ಆ ಅಮ್ಮಂದಿರು ಮೀಟಿಂಗಿನಲ್ಲಿ ಬಾಯಿ ತೆರೆದಿದ್ದು ಕಡಿಮೆ. ಫೀಸು ಕಟ್ಟದವರಿಗೆ ದೂರುವ ಹಕ್ಕಿಲ್ಲ ಎಂಬುದು ಎಲ್ಲೂ ಬರೆಯದ, ಎಲ್ಲರಿಗೂ ತಿಳಿದ ಉಪನಿಯಮ. ಒಂದನೇ ಕ್ಲಾಸಿಗೆ ಸೇರಿದ ಆ ಮೊದಲ ತಂಡ 2020ರಲ್ಲಿ ಎಂಟು ಮುಗಿಸಿತು. ಒಂಬತ್ತಕ್ಕೆ ಪೂರ್ತಿ ಫೀಸು ಕಟ್ಟಿ, ಇಲ್ಲವೇ ಟಿಸಿ ತಗೊಳ್ಳಿ. ಅವರ ಹಿಂದೆ ಬರುವ ಮಕ್ಕಳ ದಾರಿಯೂ ಅಷ್ಟೊತ್ತಿಗೆ ಕಿರಿದಾಗಿತ್ತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆರ್‌ಟಿಇ ಸೀಟು ಕೊಡಬೇಕಿಲ್ಲ ಎಂದು ರಾಜ್ಯ ಸರ್ಕಾರವೇ ನಿಯಮ ತಿದ್ದಿತ್ತು.

ಗೇಟಿನ ಮಾತು ಬಂದದ್ದಕ್ಕೆ ಇದೊಂದು ನೆನಪಾಯಿತು. 2024ರ ಜುಲೈನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದು ಒಳಗೆ ಬಿಡಲಿಲ್ಲ. ನಾಡೇ ಕೆರಳಿತು, ಸದನದಲ್ಲಿ ಚರ್ಚೆಯಾಯಿತು, ಮಾಲಿಗೆ ಏಳು ದಿನ ಬೀಗ ಹಾಕಿಸುವುದಾಗಿ ಸರ್ಕಾರ ಹೇಳಿತು. ಅದೇ ಪಂಚೆ ಶಾಲೆಯೊಂದರ ಗೇಟಿನಲ್ಲಿ ಎಷ್ಟು ಹೊತ್ತು ನಿಂತರೂ ನಾಡು ಕೆರಳುವುದಿಲ್ಲ. ಮಾಲಿನಲ್ಲಿ ಆತನಿಗೆ ಸಿಗಬೇಕಾಗಿದ್ದದ್ದು ಒಂದು ಸಿನಿಮಾ, ಶಾಲೆಯಲ್ಲಿ ಮಗಳ ಓದು. ಆದ್ಯತೆಗಳ ವಿಷಯದಲ್ಲಿ ನಾವು ಸ್ಪಷ್ಟವಾಗಿದ್ದೇವೆ.

ನಮ್ಮ ಆ ಇಬ್ಬರು ಹುಡುಗರು ಮುಂದಿನ ವರ್ಷ ಬರೆಯುವ ಎಸೆಸೆಲ್ಸಿಯಲ್ಲಿ ಪ್ರತಿ ವಿಷಯಕ್ಕೂ ಇಂಟರ್ನಲ್ ಅಂಕ ಬೇರೆ ಇದೆ. ಅದಕ್ಕೆ ಪ್ರಾಜೆಕ್ಟು. ಮಹಡಿಯವನ ಪ್ರಾಜೆಕ್ಟು ಕಲರ್ ಪ್ರಿಂಟು, ಸ್ಪೈರಲ್ ಬೈಂಡು, ಒಳಗೆ ಅಪ್ಪನ ಆಫೀಸಿನ ಫಾಂಟು. ಅಡುಗೆಯಾಕೆಯ ಮಗನದು ಹಳೆಯ ಕ್ಯಾಲೆಂಡರಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಇಡೀ ಕಥೆಯಲ್ಲಿ ಸ್ವಂತ ಕೈಯಿಂದ ಮಾಡಿದ ಪ್ರಾಜೆಕ್ಟು ಅದೊಂದೇ.

ಈಗ ರಿಸಲ್ಟಿಗೆ ಬರೋಣ. ಫಲಿತಾಂಶ ಕುಸಿದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಸಭೆ ಕರೆಯುತ್ತಾರೆ, ಅದಕ್ಕೂ ಮೇಲೆ ಜಿಲ್ಲೆಯ ಡಿಡಿಪಿಐ ಕರೆಯುತ್ತಾರೆ. ಹೆಡ್ಮಾಸ್ಟರು ಕಾರಣ ಬರೆದುಕೊಡಬೇಕು. ಶಿಕ್ಷಕರ ಹುದ್ದೆ ಖಾಲಿಯಿದೆ ಎಂದು ಬರೆಯುವಂತಿಲ್ಲ, ಇಲಾಖೆಗೆ ಮುಜುಗರ. ಇದ್ದವರು ಸಮೀಕ್ಷೆಗೂ ಚುನಾವಣಾ ಕೆಲಸಕ್ಕೂ ಹೋಗಿದ್ದರು ಎಂದೂ ಬರೆಯುವಂತಿಲ್ಲ, ಸರ್ಕಾರಕ್ಕೆ ಮುಜುಗರ. ಹಾಗಾಗಿ ಯಾರಿಗೂ ಮುಜುಗರವಾಗದ, ಮೇಲ್ಮನವಿ ಸಲ್ಲಿಸದ, ಆ ಕಡತವನ್ನು ಎಂದೂ ಓದದ ಒಂದು ಕಾರಣ ಬೇಕು. ‘ಪೋಷಕರ ನಿರಾಸಕ್ತಿ’ ಎಂದು ಬರೆಯುತ್ತಾರೆ. 2023ರಲ್ಲಿ ರಾಜ್ಯದ ಎಸೆಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಕೈತುಂಬ ಸುರಿದರೂ ಫಲಿತಾಂಶ ಶೇ 73.40ಕ್ಕೆ ಬಂದು ನಿಂತಿತು. ಒಂದೇ ವರ್ಷದಲ್ಲಿ ರಾಜ್ಯದ ಪೋಷಕರ ಆಸಕ್ತಿ ಹತ್ತು ಅಂಶ ಇಳಿದದ್ದು ಕ್ಯಾಮೆರಾ ಕಂಡೇ ಇರಬೇಕು. ಉಡುಪಿ ಮೊದಲು, ಯಾದಗಿರಿ ಕೊನೆ. ಯಾದಗಿರಿಯ ಎಷ್ಟೋ ಆಸಕ್ತಿ ಆ ಹೊತ್ತಿಗೆ ಬೆಂಗಳೂರಿನಲ್ಲಿ ಗಾರೆ ಕಲಸುತ್ತಿತ್ತು, ಉಪ್ಪಿಟ್ಟು ಕೆದಕುತ್ತಿತ್ತು.

ಅದೇ 2024ರಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೆ ಮೊದಲು ಬಂದದ್ದು ಒಬ್ಬಳೇ ಒಬ್ಬ ಹುಡುಗಿ. ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು, ರೈತರ ಮಗಳು. ವಸತಿ ಶಾಲೆಯೆಂದರೆ ಮಕ್ಕಳು ಅಲ್ಲೇ ಉಳಿದು ಓದುವ ಜಾಗ. ‘ನಾವು’ ಯುನಿಟ್ ಟೆಸ್ಟ್ ಬರೆಯಲು ಅಲ್ಲಿ ಅನುಕೂಲ ಕಡಿಮೆ. ನೋಡಿ, ಬಡತನವೇ ಒಳ್ಳೆಯ ಟ್ಯೂಷನ್ನು ಎಂದು ಇದನ್ನಿಟ್ಟುಕೊಂಡು ಯಾರೂ ಭಾಷಣ ಮಾಡಬಾರದು. ಆಗಲೇ ಮಾಡಿದವರಿದ್ದಾರೆ, ಅವರ ಮಕ್ಕಳು ಆ ಹೊತ್ತಿಗೆ ಟ್ಯೂಷನ್ನಿನಲ್ಲಿದ್ದರು. ಆ ಶಾಲೆ ಮಾಡಿದ್ದು ಸರಳವಾದ ಕೆಲಸ. ಓದಲು ಜಾಗ, ಊಟ, ಸಂಜೆ ಪಕ್ಕದಲ್ಲಿ ಮೇಷ್ಟ್ರು, ಅಂದರೆ ಹೆಡ್ಮಾಸ್ಟರ ಹಿತವಚನದಲ್ಲಿ ತಾಯಂದಿರಿಂದ ಕೇಳಿದ್ದನ್ನೆಲ್ಲ ಅಲ್ಲಿ ಸರ್ಕಾರ ತಾನೇ ಕೊಟ್ಟಿತ್ತು.

ಮೇಷ್ಟ್ರುಗಳೇ ಮನೆಗೆ ಹೋದರೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲದ್ದೂ ಅಲ್ಲ. ಕೊರೊನಾ ಕಾಲದಲ್ಲಿ, 2020ರ ಆಗಸ್ಟಿನಲ್ಲಿ, ವಿದ್ಯಾಗಮ ಶುರುವಾಯಿತು. ಆನ್‌ಲೈನ್ ಕ್ಲಾಸು ಮಹಡಿಯವರಿಗೆ, ವಿದ್ಯಾಗಮ ನೆಲದವರಿಗೆ. ಮೇಷ್ಟ್ರುಗಳು ಗುಡಿಯ ಕಟ್ಟೆ, ಮರದ ನೆರಳು, ಮನೆಯ ಪಡಸಾಲೆಗಳಲ್ಲಿ ಪಾಠ ಮಾಡಿದರು. ಪ್ರತ್ಯೇಕ ಕೋಣೆ ಕೊಡಿ ಎಂದು ಹೇಳುತ್ತಿದ್ದ ಎಷ್ಟೋ ಮಂದಿ ಆ ಕೋಣೆ ಇರಬೇಕಾದ ಮನೆಯನ್ನು ಮೊದಲ ಸಲ ಕಂಡರು. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು, ನಿಲ್ಲಬೇಕಾಗಿತ್ತು ಕೂಡ. ಈಗಲೂ ಪರೀಕ್ಷೆ ಹತ್ತಿರ ಬಂದಾಗ ನಸುಕಿನಲ್ಲಿ ಬೈಕ್ ಹತ್ತಿ, ಹುಡುಗರು ಓದಲು ಎದ್ದಿದ್ದಾರಾ ಎಂದು ಬಾಗಿಲು ತಟ್ಟುವ ಮೇಷ್ಟ್ರುಗಳಿದ್ದಾರೆ. ಅವರಿಗೆ ಇಲಾಖೆ ಕೊಟ್ಟಿರುವ ಅಸ್ತ್ರದ ಹೆಸರು ‘ಪಾಸಿಂಗ್ ಪ್ಯಾಕೇಜ್’. ಇಡೀ ವರ್ಷದ ಪಾಠದಲ್ಲಿ ಪಾಸಾಗಲು ಬೇಕಾದಷ್ಟನ್ನು ಮಾತ್ರ ಹಿಂಡಿ ಕೊಡುವ ಪುಡಿಕೆ. ಅತ್ತ ಅರ್ಧ ಅಂಕಕ್ಕೆ ಮೂರು ಮೇಲ್. ಇತ್ತ ಮೂವತ್ತಮೂರಕ್ಕೆ ಪ್ಯಾಕೇಜ್.

ನನ್ನನ್ನು ಕೇಳಿದರೆ ಮಹಡಿಯ ತಾಯಿಯ ಪ್ರೀತಿ ಸುಳ್ಳಲ್ಲ, ಅಡುಗೆಯಾಕೆಯದು ಕಡಿಮೆಯಲ್ಲ. ಒಬ್ಬರ ಪ್ರೀತಿಗೆ ಶಾಲೆಯ ನಂಬರು, ಶಾಲೆಯ ಭಾಷೆ, ಶಾಲೆಗೆ ಹೊಂದುವ ವೇಳೆ ಮೂರೂ ಇವೆ. ಇನ್ನೊಬ್ಬರ ಪ್ರೀತಿ ಗೈರುಹಾಜರಿಯಲ್ಲಿ ದಾಖಲಾಗುತ್ತದೆ. ಮೊದಲನೆಯದಕ್ಕೆ ಕಾಳಜಿ ಅಂತಲೂ ಎರಡನೆಯದಕ್ಕೆ ನಿರ್ಲಕ್ಷ್ಯ ಅಂತಲೂ ಹೆಸರಿಟ್ಟು, ಎರಡನ್ನೂ ಸ್ವಭಾವ ಅಂದುಬಿಟ್ಟದ್ದು ನಮ್ಮ ಶಾಲೆಗಳ ದೊಡ್ಡ ಅನುಕೂಲ.

ಮಹಡಿಯ ಅಕ್ಕನವರಲ್ಲಿ ಒಂದು ವಿನಂತಿ. ಅಡುಗೆಯಾಕೆಗೆ ಶನಿವಾರ ಸಂಬಳದ ರಜೆ ಕೊಡಿ, ಒಂದು ದಿನ ಬ್ರೆಡ್ ತಿಂದರೆ ನ್ಯೂಟನ್ನಿಗೇನೂ ನಷ್ಟವಿಲ್ಲ. ಗ್ರೂಪಿನ ಅಡ್ಮಿನ್ನುಗಳು ಸಂಜೆ ಏಳರ ಮೇಲೆ ಗ್ರೂಪಿಗೆ ಬೀಗ ಹಾಕಿ, ಮಿಸ್ಸಿಗೂ ಮನೆಯಿದೆ, ಅವರಿಗೂ ಒಂದು ಮಗುವಿರಬಹುದು. ಹೆಡ್ಮಾಸ್ಟರುಗಳು ಮೀಟಿಂಗನ್ನು ಭಾನುವಾರವೋ ಕೆಲಸ ಬಿಟ್ಟ ಮೇಲೋ ಇಡಿ, ಅದಕ್ಕೆ ಬದಲಿ ರಜೆ ಕೊಡಿಸುವುದು ಇಲಾಖೆಯ ಜವಾಬ್ದಾರಿ. ಬಂದವರಿಗೆ ಕುರ್ಚಿ ಕೊಡಿ. ಇದ್ಯಾವುದೂ ಆಗದಿದ್ದರೆ ಇಷ್ಟಾದರೂ ಮಾಡಿ: ಮುಂದಿನ ಸಲ ಕಾರಣದ ಕಾಲಂನಲ್ಲಿ ‘ಪೋಷಕರ ನಿರಾಸಕ್ತಿ’ ಎಂದು ಬರೆಯುವಾಗ, ಸಭೆ ಯಾವ ವಾರ, ಎಷ್ಟು ಗಂಟೆಗೆ ಇತ್ತೆಂದು ಅದರ ಪಕ್ಕದಲ್ಲೇ ಬರೆಯಿರಿ.